ಬೆಟ್ಟಕ್ಕಿಟ್ಟ ಮದ್ದು

ಸಣ್ಣಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದು ಮೊದಲು ಗೊತ್ತಾದದ್ದು ಅವಳ ಅಕ್ಕನಿಗೆ. ಕಾಲೇಜಿಗೆ ರಜೆ ಇದ್ದ ದಿನ ತಂಗಿಯನ್ನು ನೋಡಿಕೊಂಡು ಬರೋಣವೆಂದು ಕಲ್ಲು ಕ್ವಾರಿಯ ಪಕ್ಕದ ಅವಳ ಮನೆಗೆ ಹೋದವಳು, ಬಾಗಿಲ ಗಂಟೆ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡು, ಕೊನೆಗೆ ಹಿತ್ತಿಲ ಕಡೆಯಿಂದ ಒಳಗೆ ಬಂದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಕುಕ್ಕರ್ ಹುಚ್ಚು ಹಿಡಿದಂತೆ ಕೂಗುತ್ತಿತ್ತು. ಸಣ್ಣಿ ಅದಕ್ಕೆ ಬೆನ್ನು ಹಾಕಿ, ಕಿಟಕಿಯ ಬಳಿ ಕುಂಡದ ಗಿಡದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದಳು. ಹೆಗಲು ಮುಟ್ಟಿದಾಗ ಬೆಚ್ಚಿ ತಿರುಗಿದಳು, ಅಕ್ಕನನ್ನು ಕಂಡು ನಕ್ಕಳು. ನಗುವಾಗಲೂ ಅವಳ ಕಣ್ಣು ಅಕ್ಕನ ತುಟಿಯ ಮೇಲೇ ಇತ್ತು.

ಯಾವಾಗಿನಿಂದ ಹೀಗೆ ಎಂದು ಅಕ್ಕ ಕೇಳಿದಳು.

"ಒಂದೇ ದಿನಕ್ಕೆ ಆಗಿದ್ದಲ್ಲ ಕಣೇ," ಎಂದಳು ಸಣ್ಣಿ. "ಮೊದಲು ಹಕ್ಕಿ ಹೋದ್ವು. ಆಮೇಲೆ ಫೋನು. ಈಗ ಇವರು ಕೂಗಾಡಿದ್ರೆ ಮಾತ್ರ ಒಂಚೂರು ಕೇಳ್ಸುತ್ತೆ. ಇವರು ಕೂಗಾಡದೆ ಇರೋ ದಿನ ಇಲ್ಲ ಬಿಡು, ಅದೇ ಪುಣ್ಯ."

ತಮಾಷೆಗೆ ಹೇಳಿದಳು. ಆದರೆ ಆ ಹೊತ್ತಿಗೇ ಬೆಟ್ಟದ ಕಡೆಯಿಂದ ಬಂಡೆ ಸಿಡಿಸಿದ ಸದ್ದು ಬಂತು. ಅಂಟುಪಟ್ಟಿ ಹಚ್ಚಿದ್ದ ಕಿಟಕಿಯ ಗಾಜು ಗಲಗಲ ಎಂದಿತು, ಅಟ್ಟದ ಪಾತ್ರೆಗಳು ಒಂದಕ್ಕೊಂದು ತಾಗಿದವು. ಅಕ್ಕ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಳು. ಸಣ್ಣಿ ಮುಚ್ಚಿಕೊಳ್ಳಲಿಲ್ಲ. ತನ್ನ ಪಾದಗಳನ್ನು ನೋಡಿಕೊಂಡು, "ಇವತ್ತು ದೊಡ್ಡದೇ ಇಟ್ಟಿದಾರೆ," ಎಂದಳು.

ಸಣ್ಣಿಯ ಗಂಡನಿಗೆ ಊರೆಲ್ಲ ಸಾಹುಕಾರ ಎನ್ನುತ್ತಿತ್ತು. ಬೆಟ್ಟದ ಕ್ವಾರಿ ಅವನದು, ಕೆಳಗಿನ ಕ್ರಷರ್ ಅವನದು, ಜಲ್ಲಿ ಸಾಗಿಸುವ ಲಾರಿಗಳೂ ಅವನವೇ. ಕೆಟ್ಟವನೆಂದು ಅವನನ್ನು ಯಾರೂ ಹೇಳುತ್ತಿರಲಿಲ್ಲ. ತುಂಬು ಗಂಟಲಲ್ಲಿ ನಗುವ, ಕೇಳಿದವರಿಗೆ ಇಲ್ಲ ಎನ್ನದ ಮನುಷ್ಯ. ಅತ್ತೆಯ ಮಂಡಿಯ ಆಪರೇಷನ್ ಮಾಡಿಸಿದ್ದು ಅವನೇ. ಅಕ್ಕ ಪಾಠ ಮಾಡುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿನ ಹೊಸ ಗ್ರಂಥಾಲಯ ಎದ್ದದ್ದೂ ಅವನ ಕಲ್ಲಿನಲ್ಲೇ. "ಹೆಣ್ಣು, ಹೊನ್ನು, ಮಣ್ಣು ಅಂತಾರಲ್ಲ, ಮೂರೂ ನನ್ನ ಕೈ ಹಿಡಿದ್ವು," ಎಂದು ಬಂದವರ ಮುಂದೆ ಹೇಳಿ ಹೆಂಡತಿಯ ಬೆನ್ನು ತಟ್ಟುತ್ತಿದ್ದ. ದೂರದ ಬೆಟ್ಟ ನುಣ್ಣಗೆ. ಆ ಮನೆಯಲ್ಲಿ ಗುಡಿಸಿದ ನೆಲದ ಮೇಲೆ ಮಧ್ಯಾಹ್ನದೊಳಗೆ ಹೆಜ್ಜೆ ಗುರುತು ಬೀಳುವಷ್ಟು ಪುಡಿ ಕೂರುತ್ತದೆಂದು, ಒಣಗಿ ಬಂದ ಸೀರೆ ಬೂದಿಯಲ್ಲಿ ಅದ್ದಿದಂತೆ ಇರುತ್ತದೆಂದು, ಸಣ್ಣಿ ಕೆಮ್ಮದೆ ಒಂದು ಊಟ ಮುಗಿಸುವುದಿಲ್ಲವೆಂದು ನೆಂಟರಿಗೆ ಗೊತ್ತಿರಲಿಲ್ಲ. ಬಸಿರು ನಿಂತಿತು ಎನ್ನುವಷ್ಟರಲ್ಲಿ ಇಳಿದುಹೋಗುತ್ತಿತ್ತು. ಹಾಗೆ ಮತ್ತೆ ಮತ್ತೆ ಆಯಿತು. ಡಾಕ್ಟರಮ್ಮ ಮನೆ ಬದಲಾಯಿಸಿ ನೋಡಿ ಎಂದಿದ್ದರು. ಸಾಹುಕಾರ ನಕ್ಕು, ಡಾಕ್ಟರಮ್ಮನನ್ನೇ ಬದಲಾಯಿಸಿದ.

ಬೆಟ್ಟದ ಹಿಂಬದಿ ಮಾತ್ರ ಆಗ ಇನ್ನೂ ಹಾಗೇ ಇತ್ತು. ಎರಡು ಬಂಡೆಯ ಸಂದಿನಿಂದ ಸಣ್ಣಗೆ ನೀರು ಜಿನುಗುವ ಜಾಗ, ಸುತ್ತ ಕುರುಚಲು ಗಿಡ. ಸಣ್ಣಿ ದಿನಾ ಮಧ್ಯಾಹ್ನ ಅಲ್ಲಿಗೆ ಹತ್ತಿಹೋಗುತ್ತಿದ್ದಳು. ಹಳೆಯ ಎಣ್ಣೆ ಡಬ್ಬಗಳಲ್ಲಿ ಸಸಿ ಬೆಳೆಸಿ ತಂದು ಅಲ್ಲಿ ನೆಡುತ್ತಿದ್ದಳು. ಒಮ್ಮೆ ಅಕ್ಕನನ್ನೂ ಕರೆದುಕೊಂಡು ಹೋದಳು. ಬಂಡೆಗೆ ಒರಗಿ ಕೂತ ತಂಗಿಯ ಕೆಮ್ಮು ನಿಧಾನವಾಗಿ ಇಳಿದು ಮುಖ ತಿಳಿಯಾದದ್ದನ್ನು ಅಕ್ಕ ಕಣ್ಣಾರೆ ಕಂಡಳು. ಕಂಡು, ತನಗೆ ಅಭ್ಯಾಸವಾಗಿದ್ದ ರೀತಿಯಲ್ಲೇ ಅದನ್ನು ಓದಿಕೊಂಡಳು.

ಆ ಅಭ್ಯಾಸ ಅವಳಿಗೆ ಅಂಟಿದ್ದು ಕೆಲಸದಿಂದ. ಸಣ್ಣಕಥೆಯ ಪಠ್ಯವನ್ನು ವರ್ಷಾನುಗಟ್ಟಲೆ ಅವಳೇ ಪಾಠ ಮಾಡುತ್ತಿದ್ದುದರಿಂದ ಹುಡುಗಿಯರು ಅವಳಿಗೆ ಕಥೆ ಮೇಡಂ ಎಂದೇ ಹೆಸರಿಟ್ಟಿದ್ದರು. ಆ ಪಠ್ಯದಲ್ಲಿ ಒಂದು ಹಳೆಯ ಕಥೆ ಇತ್ತು. ದೋಣಿಯವನೊಬ್ಬನ ಹೆಂಡತಿ ಗಂಡನ ಹೊಡೆತ ತಿಂದು ದಿನಾ ಸಂಜೆ ನದಿಯ ಬಳಿ ಹೋಗಿ ಮಾತಾಡುತ್ತಾಳೆ. ಒಂದು ದಿನ ಪ್ರವಾಹ ಬರುತ್ತದೆ, ನದಿ ಮಡಿಲು ತೆರೆಯುತ್ತದೆ, ಅವಳು ಇಳಿದು ನದಿಯೇ ಆಗುತ್ತಾಳೆ. ಕೊನೆಯ ಪುಟವನ್ನು ಕಥೆ ಮೇಡಂ ಓದುವಾಗ ಹಿಂದಿನ ಬೆಂಚಿನವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಹೆಣ್ಣು ಮತ್ತು ಪ್ರಕೃತಿಯ ತಾದಾತ್ಮ್ಯವನ್ನು ವಿವರಿಸಿ ಎಂದು ಪರೀಕ್ಷೆಗೆ ಬರುತ್ತಿತ್ತು. ಹೆಣ್ಣು ಭೂಮಿ ತೂಕದವಳು, ಬಗೆದರೂ ಬೆಳೆ ಕೊಡುತ್ತಾಳೆ ಎಂದು ಹುಡುಗಿಯರು ಬರೆಯುತ್ತಿದ್ದರು. ಅವಳು ಕೈಬಿಚ್ಚಿ ಅಂಕ ಹಾಕುತ್ತಿದ್ದಳು.

ಅವತ್ತು ಬೆಟ್ಟದ ಮೇಲೆ ಕೂತು, ಆ ಕಥೆಯನ್ನು ತಂಗಿಯ ಮುಖಕ್ಕೆ ಮುಖವಿಟ್ಟು, ತುಟಿ ಬಿಡಿಸಿ ಬಿಡಿಸಿ ಹೇಳಿದಳು. ನೀನೂ ಹಾಗೇ, ಬೆಟ್ಟದ ಮಗಳು ಎಂದಳು. ಸಣ್ಣಿ ಪೂರ್ತಿ ಮುಗಿಯುವವರೆಗೂ ತುಟಿಯನ್ನೇ ನೋಡಿದಳು. ಆಮೇಲೆ, "ದೋಣಿಯವನು ಏನಾದ?" ಎಂದಳು.

ಕಥೆಯ ಎರಡನೆಯ ಪುಟದಿಂದಾಚೆಗೆ ದೋಣಿಯವನ ಸುದ್ದಿಯೇ ಇರಲಿಲ್ಲ. ಅದು ಮುಖ್ಯ ಅಲ್ಲ ಕಣೇ ಎಂದುಬಿಟ್ಟಳು ಅಕ್ಕ.

"ಮಗಳೂ ಇಲ್ಲ, ಗಿಗಳೂ ಇಲ್ಲ," ಎಂದಳು ಸಣ್ಣಿ. "ಇಲ್ಲಿ ಉಸಿರು ಬರುತ್ತೆ. ಕೆಳಗೆ ಬರಲ್ಲ. ಅಷ್ಟೇ ನನಗೆ ಬೇಕಾಗಿರೋದು."

ಆ ಬದಿಯನ್ನು ಮುಟ್ಟುವುದಿಲ್ಲವೆಂದು ಸಾಹುಕಾರ ಹೆಂಡತಿಗೆ ಮಾತು ಕೊಟ್ಟಿದ್ದ. ಮನಸ್ಸಿನಿಂದಲೇ ಕೊಟ್ಟಿದ್ದನೋ ಏನೋ. ಆದರೆ ಮುಂಬದಿಯ ಗುಂಡಿಯಲ್ಲಿ ತಳದಿಂದ ನೀರು ಉಕ್ಕಿ ಕೆಲಸ ನಿಂತಿತು. ಅದೇ ಹೊತ್ತಿಗೆ ದೊಡ್ಡ ರಸ್ತೆಯ ಕೆಲಸಕ್ಕೆ ಜಲ್ಲಿ ಒದಗಿಸುವ ಒಪ್ಪಂದವೂ ಕೈಗೆ ಬಂತು. ಹಿಂಬದಿಯ ಬಂಡೆ ಒಳ್ಳೆಯ ಗಟ್ಟಿ ಬಂಡೆ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಹೆಂಡತಿಗೆ ಅವನು ಹೇಳಲಿಲ್ಲ. ಗುರುತಿಗೆಂದು ಬಂಡೆಯ ಮೇಲೆ ಬಳಿದಿದ್ದ ಬಿಳಿ ಬಣ್ಣವನ್ನು ಅವಳೇ ನೋಡಿದಳು.

ಮಾರನೆಯ ದಿನ ಸಣ್ಣಿ ಒಂದು ಚೀಲ ಬಟ್ಟೆ ಹಿಡಿದು ತವರಿಗೆ ಬಂದಳು. ತವರು ಎಂದರೆ ಅಕ್ಕ ಮತ್ತು ಅಮ್ಮ ಇದ್ದ ಬಾಡಿಗೆಯ ಮಹಡಿ ಮನೆ, ಎರಡು ಕೋಣೆ. ಇನ್ನು ಆ ಮನೆಗೆ ಹೋಗುವುದಿಲ್ಲ ಎಂದಳು. ಅಮ್ಮ ಮೊದಲು ತಲೆ ನೇವರಿಸಿದರು, ಆಮೇಲೆ ಬುದ್ಧಿ ಹೇಳಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಕಲ್ಲಿಗಾಗಿ ಗಂಡನ್ನ ಬಿಟ್ಟವಳು ಅಂತ ಜನ ನಗ್ತಾರೆ. ಹೊಡೀತಾನಾ, ಕುಡೀತಾನಾ, ಏನು ಕಡಿಮೆ ಮಾಡಿದಾನೆ ಹೇಳು ಎಂದರು. ಸಣ್ಣಿ ಅಕ್ಕನ ಕಡೆ ನೋಡಿದಳು. ಅಕ್ಕ ಸ್ವಲ್ಪ ಹೊಂದಿಕೊಂಡು ಹೋಗು ಎಂದಳು. ತಾನೇ ಸಾಹುಕಾರನ ಹತ್ತಿರ ಮಾತಾಡಿ ಊರಾಚೆ ಒಂದು ಒಳ್ಳೆಯ ತೋಟ ಮಾಡಿಸಿಕೊಡುತ್ತೇನೆ ಎಂದಳು. ವಾರ ಕಳೆಯುವಷ್ಟರಲ್ಲಿ ಅವಳೇ ತಂಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬಂದಳು. ದಾರಿಯುದ್ದಕ್ಕೂ ಸಣ್ಣಿ ಹೊರಗೇ ನೋಡುತ್ತಿದ್ದಳು. ಅವಳೊಂದಿಗೆ ಮಾತಾಡಬೇಕಾದರೆ ಅವಳು ಇತ್ತ ತಿರುಗಬೇಕಿತ್ತು, ತಿರುಗಲಿಲ್ಲ.

ಹೋದವಳು ಜಗಳವಾಡಲಿಲ್ಲ. ಬೆಳಗ್ಗೆ ಮನೆಗೆಲಸ ಮುಗಿಸಿ, ನೀರಿನ ಬಾಟಲಿ ಹಿಡಿದು ಹಿಂಬದಿಗೆ ಹೋಗಿ ಕೂರುತ್ತಿದ್ದಳು. ಬಂಡೆಗೆ ರಂಧ್ರ ಕೊರೆಯುವವರು ಬಂದರೆ ಏಳುತ್ತಿರಲಿಲ್ಲ. ಕೆಲಸಗಾರರು ಮಾಲೀಕನ ಹೆಂಡತಿಯನ್ನು ಕೈಹಿಡಿದು ಎಬ್ಬಿಸುವಂತಿಲ್ಲ. ಯಂತ್ರ ಹೊತ್ತುಕೊಂಡು ಇಳಿದುಬರುತ್ತಿದ್ದರು. ಅವಳು ಊಟಕ್ಕೆ ಹೋದ ಹೊತ್ತು ನೋಡಿ ಕಳ್ಳರ ಹಾಗೆ ಕೊರೆಯಬೇಕಾಯಿತು. ಸಾಹುಕಾರ ರಮಿಸಿದ, ಗದರಿದ, ಹೊಸ ಬಳೆ ತಂದ. ಒಂದು ದಿನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಕೋಣೆಯಲ್ಲಿ ಹಾಕಿ ಚಿಲಕ ಜಡಿದ. ಬಾಗಿಲು ತೆಗೆದ ಮಾರನೆಯ ದಿನವೇ ಅವಳು ಮತ್ತೆ ಅಲ್ಲೇ ಹೋಗಿ ಕೂತಳು. ಕ್ರಷರ್‌ನಲ್ಲಿ ಜನ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಬೆಟ್ಟ ಒಡೆಯೋ ಗಂಡಸಿಗೆ ಹೆಂಡತಿ ಮುಂದೆ ಬೆಣಚುಕಲ್ಲೂ ಅಲ್ಲಾಡಲ್ಲ ಎಂದು ಯಾರೋ ಲಾರಿಯವನು ಹೇಳಿದ ಮಾತು ಅವನ ಕಿವಿಗೂ ಬಿತ್ತು. ಅವನು ಹೊಟ್ಟೆಗೆ ಹಾಕಿಕೊಳ್ಳಲಾರದ್ದು ಇದೊಂದೇ.

ಫೋನು ಬಂದಾಗ ಅಕ್ಕ ತರಗತಿಯಲ್ಲಿದ್ದಳು. ಮಾತಾಡಿದ್ದು ಕ್ವಾರಿಯ ಗುಮಾಸ್ತ. ಸ್ವಲ್ಪ ಪೆಟ್ಟಾಗಿದೆ ಬನ್ನಿ ಎಂದ. ಅವನ ದನಿಯಲ್ಲೇ ಎಲ್ಲ ಇತ್ತು. ಆಸ್ಪತ್ರೆಯಲ್ಲಿ ಸಣ್ಣಿಯನ್ನು ಕುತ್ತಿಗೆಯವರೆಗೆ ಹೊದಿಸಿ ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ, ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು ಅಷ್ಟೆ. ಅಕ್ಕ ಸೆರಗಿನ ತುದಿಯಲ್ಲಿ ಅದನ್ನು ಒರೆಸಿದಳು. ಹೊದಿಕೆ ಎತ್ತಬೇಡಿ ಎಂದು ನರ್ಸ್ ಅವಳ ಕೈ ಹಿಡಿದುಕೊಂಡರು.

ಪೊಲೀಸರು ಬಂದು ಹೋದರು. ಹಿಂಬದಿಯಲ್ಲಿ ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗಿಸಿದ್ದಕ್ಕೆ ಸಾಕ್ಷಿ ಇತ್ತು, ಊರಿಗೆಲ್ಲ ಕೇಳಿಸಿತ್ತು. ಆಕಸ್ಮಿಕ ಸಾವು ಎಂದಾಯಿತು. ಇನ್ನಷ್ಟು ಕೆದಕಲು ಪೊಲೀಸರಿಗೆ ಪುರುಸೊತ್ತಿರಲಿಲ್ಲ, ಮಾತಾಡಲು ಜನರಿಗೆ ಇತ್ತು. ಆಕೆಗೆ ಬೆಟ್ಟದ ಹುಚ್ಚು, ಬೆಟ್ಟವೇ ಕರೆದುಕೊಂಡಿತು ಎಂದರು. ಒಂದು ಪತ್ರಿಕೆಯಲ್ಲಿ ಹಾಗೇ ಅಚ್ಚಾಯಿತು. ಓದಿದವರು ಕಣ್ಣೀರು ಹಾಕಿದರು. ಎಷ್ಟು ಚೆನ್ನಾಗಿ ಬರೆದಿದಾರೆ ನೋಡು ಎಂದು ಅಮ್ಮ ಆ ಹಾಳೆಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ಅಕ್ಕನಿಗೆ ಆ ಮಾತುಗಳ ಗುರುತು ಹತ್ತಿತು. ಅದನ್ನು ಬರೆದ ಹುಡುಗಿ ಅವಳದೇ ಹಳೆಯ ವಿದ್ಯಾರ್ಥಿನಿ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸಾಹುಕಾರ ಬಂದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಅಮ್ಮ ಒಳಕೋಣೆಯಲ್ಲಿ ಮಲಗಿದ್ದರು. ಅಕ್ಕ ಚಹಾ ಮಾಡುತ್ತಿದ್ದಾಗ ಅವನು ಅಡುಗೆಮನೆಗೇ ಬಂದು ನೆಲದ ಮೇಲೆ ಕುಕ್ಕರಿಸಿದ. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಅಕ್ಕ, ಯಾರಿಗೂ ಹೇಳಿಲ್ಲ," ಎಂದ. "ನಿಮಗೆ ಹೇಳ್ದಿದ್ರೆ ನನ್ನ ಎದೆ ಒಡೆದುಹೋಗುತ್ತೆ. ಅವಳು ಮೇಲೆ ಇದಾಳೆ ಅಂತ ನನಗೆ ಗೊತ್ತಿತ್ತು."

ಅಕ್ಕ ಉರಿಯುತ್ತಲೇ ಇದ್ದ ಒಲೆ ಆರಿಸಿದಳು.

"ಒಂದ್ಸಲ ಹೆದರ್ಲಿ ಅಂದ್ಕೊಂಡೆ. ಅಷ್ಟೇ. ಕೆಳಗಡೆ ಸಣ್ಣದೊಂದು ಮದ್ದು ಇಡ್ಸಿದೆ. ನೆಲ ನಡುಗುತ್ತೆ, ಹೆದರಿ ಇಳಿದು ಬರ್ತಾಳೆ, ಆಮೇಲೆ ಆ ಕಡೆ ತಲೆ ಹಾಕಲ್ಲ ಅಂತ. ಬಂಡೆ ಒಳಗೇ ಬಿರುಕು ಬಿಟ್ಟಿತ್ತು, ಮೇಲಿನವರೆಗೂ ಜಾರಿಬಿಡ್ತು. ಬಾವುಟದವನು ಕೇಳ್ದ, ಮೇಲೆ ಹೋಗಿ ಅಮ್ಮನ್ನ ಕರ್ಕೊಂಡು ಬರ್ಲಾ ಅಂತ. ನಾನೇ ಬೇಡ ಅಂದೆ."

ಮದ್ದು ಸಿಡಿಸುವ ಮೊದಲು ಕೆಂಪು ಬಾವುಟ ಹಿಡಿದು ಸುತ್ತ ಓಡಾಡಿ ಜನರನ್ನು ತೆರವು ಮಾಡುವವನೊಬ್ಬ ಪ್ರತಿ ಕ್ವಾರಿಯಲ್ಲೂ ಇರುತ್ತಾನೆ. ಅವನನ್ನು ತಡೆದರೆ ಉಳಿಯುವುದು ಸೈರನ್ ಒಂದೇ.

"ಅವಳಿಗೆ ಸೈರನ್ ಕೇಳ್ಸಲ್ಲ," ಎಂದಳು ಅಕ್ಕ.

ಅವನು ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. ಗೋಡೆಗೆ ಹಣೆ ಒತ್ತಿಕೊಂಡು ಗಟ್ಟಿಯಾಗಿ ಅತ್ತ. ಸುಳ್ಳು ಅಳು ಅಲ್ಲ ಅದು. ಅತ್ತಾದ ಮೇಲೆ ಮುಖ ತೊಳೆದುಕೊಂಡು, ಆರಿಹೋದ ಚಹಾ ಕುಡಿದು, ಹಗುರಾದವನಂತೆ ಎದ್ದು ನಿಂತ. ಗ್ರಂಥಾಲಯಕ್ಕೆ ಸಣ್ಣಿಯ ಹೆಸರಿಡುವುದಾಗಿ ಪ್ರಿನ್ಸಿಪಾಲರು ಒಪ್ಪಿದ್ದಾರೆ ಎಂದ. ಸಂತಾಪ ಸಭೆಯಲ್ಲಿ ನೀವು ನಾಲ್ಕು ಮಾತಾಡಬೇಕು ಎಂದ. "ಬೆಟ್ಟದ ಮಗಳು ಅಂತ ನೀವೇ ಅವಳಿಗೆ ಹೇಳ್ತಿದ್ರಂತಲ್ಲ. ಅದನ್ನೇ ಹೇಳಿ. ನಿಮ್ಮ ಬಾಯಲ್ಲಿ ಚೆನ್ನಾಗಿ ಬರುತ್ತೆ."

ಸಭೆಗೆ ಕಾಲೇಜಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಸಾಹುಕಾರ, ಪಕ್ಕದಲ್ಲಿ ಅಮ್ಮ. ವೇದಿಕೆಯ ಮೇಲೆ ದೊಡ್ಡದು ಮಾಡಿಸಿದ ಸಣ್ಣಿಯ ಫೋಟೋ, ಮದುವೆಯ ಹೊಸತರದ್ದು. ಮಾತಾಡಿದವರೆಲ್ಲ ಆಕೆ ಪ್ರಕೃತಿಯಲ್ಲಿ ಲೀನವಾದಳು ಎಂದರು. ಒಬ್ಬರು ಬೆಟ್ಟವೇ ಗಂಡ, ಬೆಟ್ಟವೇ ಮಗು ಎಂದೂ ಹೇಳಿಬಿಟ್ಟರು. ಅಕ್ಕನ ಸರದಿ ಬಂತು. ಮೈಕಿನ ಕಂಬವನ್ನು ಹಿಡಿದುಕೊಂಡಳು.

"ಬೆಟ್ಟ ಯಾರನ್ನೂ ಕರೆಯಲ್ಲ," ಎಂದಳು. "ಅದಕ್ಕೆ ಬಾಯಿಲ್ಲ. ನನ್ನ ತಂಗಿ ಯಾವುದರಲ್ಲೂ ಲೀನವಾಗಲಿಲ್ಲ. ಕಲ್ಲು ಬಡಿದು ಸತ್ತಳು. ಅವಳು ಮೇಲೆ ಇದಾಳೆ ಅಂತ ಗೊತ್ತಿದ್ದೂ, ಅವಳಿಗೆ ಕಿವಿ ಕೇಳಲ್ಲ ಅಂತ ಗೊತ್ತಿದ್ದೂ, ಮದ್ದಿಗೆ ಕಿಡಿ ಕೊಡ್ಸಿದ್ದು ಅವಳ ಗಂಡ. ಇಲ್ಲೇ ಕೂತಿದಾರೆ. ನನ್ನ ಅಡುಗೆಮನೆಯಲ್ಲಿ ಕೂತು ನನಗೇ ಹೇಳಿದಾರೆ."

ಅವಳು ಹಿಂದಿನ ಸಾಲುಗಳಲ್ಲಿದ್ದ ಹುಡುಗಿಯರ ಕಡೆ ತಿರುಗಿದಳು.

"ನಿಮಗೆ ದೋಣಿಯವನ ಹೆಂಡತಿ ಕಥೆ ನಾನು ಪಾಠ ಮಾಡಿದೀನಿ. ಅವಳು ನದಿ ಆಗಲಿಲ್ಲ. ಹೊಡೆತ ತಾಳಲಾರದೆ ಸತ್ತಳು. ಹೆಣ್ಣನ್ನೂ ನದಿಯನ್ನೂ ಒಂದು ಮಾಡಿ ಚೆಂದ ಮಾಡಿಬಿಟ್ಟರೆ, ದೋಣಿಯವನನ್ನ ಯಾರೂ ಕೇಳಲ್ಲ. ಅವನು ನದಿಗೂ ಏನೋ ಮಾಡಿರ್ತಾನೆ, ಅದನ್ನೂ ಕೇಳಲ್ಲ."

ಪ್ರಿನ್ಸಿಪಾಲರು ಏಳಲೋ ಬೇಡವೋ ಎಂದು ಕುರ್ಚಿಯ ತುದಿಗೆ ಬಂದಿದ್ದರು. ಸಾಹುಕಾರ ಫೋಟೋ ನೋಡುತ್ತ ಅಲುಗಾಡದೆ ಕೂತಿದ್ದ. ಎದ್ದು ನಿಂತದ್ದು ಅಮ್ಮ. ಅಳಿಯನ ಭುಜದ ಮೇಲೆ ಒಂದು ಕೈ ಊರಿ, "ನನ್ನ ದೊಡ್ಡ ಮಗಳಿಗೆ ತಂಗಿ ಸತ್ತ ದುಃಖ ತಲೆಗೇರಿದೆ. ಏನೇನೋ ಮಾತಾಡ್ತಿದಾಳೆ. ಎಲ್ಲರೂ ಕ್ಷಮಿಸ್ಬೇಕು," ಎಂದರು.

ಅಷ್ಟು ಸಾಕಾಯಿತು. ಸಭಾಂಗಣಕ್ಕೆಲ್ಲ ಉಸಿರು ಬಂದಂತಾಯಿತು. ಯಾರೋ ಅಕ್ಕನ ತೋಳು ಹಿಡಿದು ಮೆಲ್ಲಗೆ ಕೆಳಗಿಳಿಸಿದರು, ಇನ್ಯಾರೋ ನೀರು ತಂದರು. ಮನೆಗೆ ಬರುವಾಗ ಆಟೋದಲ್ಲಿ ಅಮ್ಮ ಅವಳ ಮುಖ ನೋಡದೆ, "ಒಬ್ಬಳು ಹೋದಳು. ಇನ್ನೊಬ್ಬಳಾದ್ರೂ ಉಳೀಬೇಕಲ್ಲ ನನಗೆ," ಎಂದರು. ಆಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಊಟಕ್ಕೆ ಬಾ, ಔಷಧಿ ತಗೋ ಎಂಬಷ್ಟೇ ಮಾತು ಉಳಿಯಿತು.

ಅಕ್ಕ ಠಾಣೆಗೆ ಹೋದಳು. ಅಡುಗೆಮನೆಯ ಮಾತಿಗೆ ಸಾಕ್ಷಿ ಯಾರಮ್ಮ ಎಂದರು. ಬಾವುಟದವನನ್ನು ಹುಡುಕಿಕೊಂಡು ಕ್ರಷರ್ ಹಿಂದಿನ ಶೀಟಿನ ಮನೆಗಳಿಗೆ ಹೋದಳು. ಒಣಕಲು ಮನುಷ್ಯ, ಮಾತಿಗೊಮ್ಮೆ ಕೆಮ್ಮುತ್ತಿದ್ದ. ಅಮ್ಮಾ, ನಾನು ಏನೂ ಕೇಳಿಲ್ಲ, ಏನೂ ನೋಡಿಲ್ಲ, ನನ್ನ ಹೊಟ್ಟೆ ಮೇಲೆ ಕಲ್ಲು ಹಾಕಬೇಡಿ ಎಂದು ಕೈ ಮುಗಿದ. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೇಲಿನವರಿಗೆ ಅರ್ಜಿ ಕೊಟ್ಟಾಗ ವಿಚಾರಣೆಯ ಶಾಸ್ತ್ರವೊಂದು ನಡೆಯಿತು. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ಇಲ್ಲಿ ಅದೂ ಸಿಗಲಿಲ್ಲ. ಕೊನೆಗೆ ಅವಳು ಕೋರ್ಟಿಗೆ ಹೋದಳು. ಬೆಟ್ಟಕ್ಕೆ ಕಲ್ಲು ಹೊರುವ ಕೆಲಸ ಎಂದು ಅವಳ ವಕೀಲೆಯೇ ಎಚ್ಚರಿಸಿದ್ದಳು.

ಗ್ರಂಥಾಲಯಕ್ಕೆ ಸಣ್ಣಿಯ ಹೆಸರು ಬಂತು. ಕಾಲೇಜಿನಲ್ಲಿ ಸಣ್ಣಕಥೆಯ ಪಾಠವನ್ನು ಅಕ್ಕನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅವಳಿಗೆ ವ್ಯಾಕರಣ ಉಳಿಯಿತು. ಕರ್ತೃ, ಕರ್ಮ, ಕ್ರಿಯಾಪದ. ಕರ್ತೃ ಇಲ್ಲದ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು ಇದನ್ನು ಮಾಡಿದವರು ಯಾರು ಎಂದು ಅವಳು ಕೇಳಿದರೆ ಹುಡುಗಿಯರು ತಲೆ ತಗ್ಗಿಸುತ್ತಿದ್ದರು. ಕೆಲವರು ತಗ್ಗಿಸುತ್ತಿರಲಿಲ್ಲ. ಬೆಟ್ಟದ ಹಿಂಬದಿ ಇಷ್ಟಿಷ್ಟೇ ಕರಗಿ ರಸ್ತೆಯಾಯಿತು. ಸಾಹುಕಾರ ಮತ್ತೆ ಮದುವೆಯಾದ. ಹೊಸ ಹೆಂಡತಿಗಾಗಿ ಪಟ್ಟಣದ ಮಧ್ಯೆ, ಪುಡಿ ಬಾರದ ಕಡೆ ಮನೆ ಮಾಡಿದ ಎಂದು ಕೇಳಿ ಅಮ್ಮ ಆ ದಿನ ಊಟ ಮಾಡಲಿಲ್ಲ. ದಿಂಬಿನ ಕೆಳಗಿನ ಪತ್ರಿಕೆಯ ಹಾಳೆಯನ್ನು ತೆಗೆದು ಹರಿದರು. ಅಕ್ಕ ನೋಡಿಯೂ ನೋಡದವಳಂತೆ ಇದ್ದಳು.

ಮೊಕದ್ದಮೆ ಮುಂದಕ್ಕೆ ಹೋಗುತ್ತಲೇ ಇತ್ತು. ಒಂದು ಬೆಳಗ್ಗೆ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಅಕ್ಕ ಕಾಯುತ್ತಿದ್ದಾಗ ಬಾವುಟದವನು ಬಂದ. ಹೆಂಡತಿಯೂ ಇನ್ನೊಬ್ಬರೂ ಎರಡು ಕಡೆಯಿಂದ ಹಿಡಿದು ನಡೆಸಿಕೊಂಡು ಬಂದಿದ್ದರು. ಕಲ್ಲಿನ ಪುಡಿ ಎದೆಯೊಳಗೆ ಕೂತು ಅವನ ಉಸಿರನ್ನೇ ತಿಂದಿತ್ತು. ಕೆಲಸದಿಂದ ಬಿಡಿಸಿ ಬಹಳ ದಿನವಾಗಿತ್ತು. ಇನ್ನು ಇವರ ಹೊಟ್ಟೆ ಮೇಲೆ ಯಾರೂ ಕಲ್ಲು ಹಾಕೋಕಾಗಲ್ಲ, ಹೇಳಿಬಿಡಿ ಅಂತ ನಾನೇ ಅಂದೆ ಎಂದಳು ಅವನ ಹೆಂಡತಿ. ನ್ಯಾಯಾಧೀಶರು ಅವನಿಗೆ ಕೂತು ಹೇಳಲು ಅಪ್ಪಣೆ ಕೊಟ್ಟರು. ಮೇಲೆ ಹೋಗಲಾ ಎಂದು ತಾನು ಕೇಳಿದ್ದನ್ನು, ಬೇಡ ಎಂದು ಸಾಹುಕಾರ ಅಂದದ್ದನ್ನು, ನಡುನಡುವೆ ನಿಂತು ಉಸಿರೆಳೆದುಕೊಂಡು ಪೂರ್ತಿ ಹೇಳಿದ. ಕೆಲಸ ಹೋದ ಸಿಟ್ಟಿಗೆ ಹೀಗೆ ಹೇಳುತ್ತಿದ್ದೀಯ ಅಲ್ಲವೇ ಎಂದು ಸಾಹುಕಾರನ ವಕೀಲರು ಕೇಳಿದರು. ಸಿಟ್ಟು ಮಾಡ್ಕೊಳ್ಳೋಕೂ ಉಸಿರು ಬೇಕು ಸ್ವಾಮಿ ಎಂದ ಅವನು.

ಮುಂದಿನ ವಾಯಿದೆ ಬರುವ ಮೊದಲೇ ಅವನು ತೀರಿಕೊಂಡ. ವಾಯಿದೆಯ ದಿನ ಅಕ್ಕ ಪಡಸಾಲೆಗೆ ಬಂದಾಗ ಅವನ ಹೆಂಡತಿ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಕರೆಸಿರಲಿಲ್ಲ. ಬರಬೇಕಾಗಿರಲಿಲ್ಲವಲ್ಲ, ಇಷ್ಟು ದೂರ ಯಾಕೆ ಬಂದೆ ಎಂದು ಅಕ್ಕ ಕೇಳಿದಳು.

"ಅವರ ಮಾತು ಒಳಗಡೆ ಕಾಗದದಲ್ಲಿ ಇದೆಯಲ್ಲಮ್ಮ," ಎಂದಳು ಅವಳು. "ಅದಕ್ಕೆ ಜೊತೆಯಾಗಿ ಯಾರಾದ್ರೂ ಕೂತ್ಕೋಬೇಕಲ್ಲ."

ಅಕ್ಕ ಅವಳ ಪಕ್ಕ ಕೂತಳು. ಒಳಗೆ ಬೇರೆ ಯಾರದೋ ಹೆಸರು ಕೂಗುತ್ತಿದ್ದರು.